ಆರು ಇಂಚು ಬಿಟ್ಟುಕೊಡಿ

2024ರ ಜುಲೈ 8ರ ಬೆಳಗಿನ ಜಾವ ಬೆರಿಲ್ ಚಂಡಮಾರುತ ಟೆಕ್ಸಾಸಿನ ಮಾಟಗೋರ್ಡಾ ಬಳಿ ದಡ ಹತ್ತಿತು. ಹೊತ್ತು ಏರುವುದರೊಳಗೆ ಹ್ಯೂಸ್ಟನ್ ಸುತ್ತಲಿನ ಇಪ್ಪತ್ತೆರಡು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಇರಲಿಲ್ಲ. ಮನೆಗಳ ಹಿಂದಿನ ಮರದ ಬೇಲಿಗಳು ಸಾಲುಸಾಲಾಗಿ ಮಲಗಿದ್ದವು. ಸ್ಟಾಫರ್ಡ್, ಮಿಸೌರಿ ಸಿಟಿ, ಶುಗರ್ ಲ್ಯಾಂಡ್‌ಗಳಲ್ಲಿ ಗ್ಯಾರೇಜಿನ ಬಾಗಿಲಲ್ಲಿ ಕೈ ಬೀಸುವುದಷ್ಟೇ ಗೊತ್ತಿದ್ದ ಅಕ್ಕಪಕ್ಕದವರು ಅಂದು ಬಿದ್ದ ಬೇಲಿ ದಾಟಿ ಬಂದರು. ಜನರೇಟರ್ ಇದ್ದವರು ಇಲ್ಲದವರ ಫ್ರಿಜ್ಜಿಗೆ ವೈರು ಎಳೆದುಕೊಟ್ಟರು. ಸೆಕೆಯಲ್ಲಿ ಬೆಂದ ಅಜ್ಜಿಯರನ್ನು ಕರೆಂಟು ಬಂದ ಮನೆಯವರು ಕರೆದು ಕೂರಿಸಿಕೊಂಡರು.

ಆಮೇಲೆ ಎಲ್ಲರಿಗೂ ಕರೆಂಟು ಬಂತು. ಅದರ ಹಿಂದೆಯೇ ಪ್ರಶ್ನೆಗಳೂ ಬಂದವು. ಹೊಸ ಬೇಲಿಗೆ ಕಾಸು ಯಾರದು? ಕಂಬವನ್ನು ಹಳೆಯ ಗುಂಡಿಯಲ್ಲೇ ನೆಡುವುದೋ, ಸರ್ವೆ ಕಾಗದ ಹಿಡಿದು ಹೊಸದಾಗಿ ಅಳೆಯುವುದೋ? ‘ಒಳ್ಳೆಯ ಮುಖ’ ಯಾರ ಕಡೆಗಿರಬೇಕು, ಅಡ್ಡಪಟ್ಟಿ ಕಾಣುವ ಮುಖ ಯಾರ ಕಡೆಗೆ? ವೈರು ಎಳೆದುಕೊಟ್ಟ ಕೈಗಳೇ ಫೋನು ಹಿಡಿದು ವಕೀಲರನ್ನು ಹುಡುಕತೊಡಗಿದವು. ನಾನು ಇದನ್ನು ಬರೆಯುತ್ತಿರುವುದು ಆ ಕೈಗಳಿಗಾಗಿ. ಅವುಗಳಲ್ಲಿ ಕನ್ನಡದ ಕೈಗಳೂ ಇವೆ, ಕಡಿಮೆಯೇನಲ್ಲ.

ಮೊದಲು ಕಾನೂನಿನ ಮಾತು. ನಮ್ಮವರು ಓದಿದವರು, ಕಾನೂನು ತಮ್ಮ ಕಡೆಗಿದೆ ಎಂಬ ನಂಬಿಕೆಯಲ್ಲೇ ಜಗಳಕ್ಕೆ ಇಳಿಯುತ್ತಾರೆ. ಟೆಕ್ಸಾಸ್ ಕಾನೂನು ಯಾರ ಕಡೆಗೂ ಇಲ್ಲ. ಮನೆ ಮನೆಯ ನಡುವಿನ ಬೇಲಿಯ ಖರ್ಚನ್ನು ಇಬ್ಬರೂ ಹಂಚಿಕೊಳ್ಳಲೇಬೇಕು ಎನ್ನುವ ರಾಜ್ಯ ಕಾನೂನು ಇಲ್ಲಿಲ್ಲ. ಒಪ್ಪಂದವಿದ್ದರೆ ಉಂಟು, ಬಡಾವಣೆಯ ಕರಾರಾದ ಡೀಡ್ ರಿಸ್ಟ್ರಿಕ್ಷನ್‌ನಲ್ಲಿ ಬರೆದಿದ್ದರೆ ಉಂಟು, ಇಲ್ಲವಾದರೆ ಕಟ್ಟಿಸಿದವರದೇ ಖರ್ಚು. ರಾಜ್ಯದ ಕೃಷಿ ಸಂಹಿತೆಯ 143ನೆಯ ಅಧ್ಯಾಯ ಬೇಲಿಯ ಮೇಲೇ ಇದೆ. ಅದರ ತುಂಬ ದನ, ಕುದುರೆ, ಹಂದಿ. ತೋಟದ ಬೇಲಿ ಐದಡಿ ಎತ್ತರವಿರಬೇಕು, ಮುಳ್ಳುತಂತಿಯಾದರೆ ಇಷ್ಟು ಎಳೆ ಇರಬೇಕು, ಹೀಗೆ. ನಿಮ್ಮ ಬ್ಯಾಕ್‌ಯಾರ್ಡಿನ ಆರಡಿ ಸೀಡರ್ ಹಲಗೆಯ ಬಗ್ಗೆ ಅದು ತುಟಿ ಬಿಚ್ಚುವುದಿಲ್ಲ. ಬಡಾವಣೆಯ ಮನೆಮಾಲೀಕರ ಸಂಘವಾದ ಎಚ್‌ಒಎ ಬಣ್ಣ ನೋಡುತ್ತದೆ, ಎತ್ತರ ನೋಡುತ್ತದೆ, ನ್ಯಾಯ ನೋಡುವುದಿಲ್ಲ. ಹತ್ತಿರದ ಜಸ್ಟಿಸ್ ಆಫ್ ದ ಪೀಸ್ ಕೋರ್ಟು ಇಪ್ಪತ್ತು ಸಾವಿರ ಡಾಲರಿನವರೆಗಿನ ಹಣದ ತಗಾದೆ ಕೇಳಬಹುದು, ಜಾಗ ಯಾರದು ಎಂದು ತೀರ್ಮಾನಿಸುವ ಅಧಿಕಾರ ಅದಕ್ಕಿಲ್ಲ. ಅದಕ್ಕೆ ನಮ್ಮ ಫೋರ್ಟ್ ಬೆಂಡ್ ಕೌಂಟಿಯ ಕೇಂದ್ರವಾದ ರಿಚ್ಮಂಡಿನ ದೊಡ್ಡ ಕೋರ್ಟಿನ ಮೆಟ್ಟಿಲನ್ನೇ ಹತ್ತಬೇಕು, ಗಂಟೆಗೆ ನೂರಾರು ಡಾಲರು ಕೇಳುವ ವಕೀಲರ ಜೊತೆಗೆ. 2007ರ ತಿದ್ದುಪಡಿಯ ಬಳಿಕ, ಗಡಿಯೊಂದೇ ತಕರಾರಾಗಿರುವ ದಾವೆಯಲ್ಲಿ ಎದುರಾಳಿಯ ವಕೀಲರ ಫೀಸನ್ನೂ ಕೋರ್ಟು ನಿಮ್ಮ ತಲೆಗೆ ಕಟ್ಟಬಹುದು.

ಹೀಗೆ ಶಾಸನ, ಎಚ್‌ಒಎ, ಸಣ್ಣ ಕೋರ್ಟು ಮೂವರೂ ಬೇಲಿಯ ಬಳಿ ಬಂದು ಮುಖ ತಿರುಗಿಸುತ್ತಾರೆ. ಆಮೇಲೆ ಅಲ್ಲಿ ಉಳಿಯುವುದು ನೀವು, ಪಕ್ಕದ ಮನೆಯವರು, ನಿಮ್ಮಿಬ್ಬರ ಆತ್ಮಸಾಕ್ಷಿ.

ಅದಕ್ಕೇ ಕೇಳುತ್ತಿದ್ದೇನೆ. ಜಗಳ ಎಷ್ಟು ಜಾಗಕ್ಕೆ? ಸಾಮಾನ್ಯವಾಗಿ ಆರು ಇಂಚಿಗೆ. ನಿಮ್ಮ ಲಾಟು ನೂರಿಪ್ಪತ್ತಡಿ ಉದ್ದವಿದ್ದರೆ ಆರು ಇಂಚೆಂದರೆ ಅರವತ್ತು ಚದರಡಿ, ನಮ್ಮೂರ ಮನೆಯ ದೇವರ ಕೋಣೆಯಷ್ಟು. ಅದರಲ್ಲಿ ಹುಲ್ಲೂ ಸರಿಯಾಗಿ ಬೆಳೆಯುವುದಿಲ್ಲ, ಬೇಲಿಯ ನೆರಳು. ಹಿಂಭಾಗದ ಗಡಿಯಾದರೆ ಎಷ್ಟೋ ಕಡೆ ಅದು ಯುಟಿಲಿಟಿ ಈಸ್‌ಮೆಂಟಿಗೆ ಸೇರಿದ ಪಟ್ಟಿ. ನಾಳೆ ಕೇಬಲ್ಲಿನವರು ಬಂದು ಅಗೆದರೆ ಗೆದ್ದವರೂ ಸೋತವರೂ ಒಟ್ಟಿಗೆ ನಿಂತು ನೋಡಬೇಕು.

ಆ ಆರು ಇಂಚು ಎಲ್ಲಿಂದ ಬಂತು ಎಂಬುದನ್ನೂ ವಿಚಾರಿಸಿ. ಇಲ್ಲಿಯ ಜೇಡಿಮಣ್ಣು ನಮ್ಮ ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನ ಜಾತಿಯದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರಲ್ಲಿ ನೆಟ್ಟ ಕಂಬ ನೆಟ್ಟಗೆ ನಿಲ್ಲುವುದಿಲ್ಲ, ವರ್ಷದಿಂದ ವರ್ಷಕ್ಕೆ ವಾಲುತ್ತದೆ. ಸೀಡರ್ ಹಲಗೆ ಹತ್ತು ಹದಿನೈದು ವರ್ಷಕ್ಕೆ ಲಡ್ಡಾಗುತ್ತದೆ. ಬಿಲ್ಡರು ಮೊದಲು ಕಟ್ಟಿಸಿದ ಬೇಲಿ ಒಂದು ಕಡೆ, ರಿಪೇರಿಯವನು ಹಳೆಯ ಕಾಂಕ್ರೀಟು ಕೀಳಲು ಬೇಸರಪಟ್ಟು ಒಂದು ಗೇಣು ಬಿಟ್ಟು ನೆಟ್ಟದ್ದು ಇನ್ನೊಂದು ಕಡೆ. ಯಾರೂ ಕದಿಯಲಿಲ್ಲ, ಯಾರೂ ಒತ್ತಲಿಲ್ಲ. ಮಣ್ಣು ಸರಿಯಿತು, ಕೂಲಿಯವನು ಸೋಮಾರಿತನ ಮಾಡಿದ. ಅದಕ್ಕೆ ನೀವು ಪಕ್ಕದ ಮನೆಯವರನ್ನು ಕಳ್ಳರೆಂದು ಕರೆಯುತ್ತೀರಾ?

ಇನ್ನೊಂದು ಮಾತು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತಿರುತ್ತದೆ: ‘ಹತ್ತು ವರ್ಷ ಬೇಲಿ ಅಲ್ಲೇ ಇದ್ದರೆ ಜಾಗ ನಮ್ಮದೇ.’ ಅರ್ಧ ಕೇಳಿದ ಕಾನೂನು ಪೂರ್ತಿ ಕೇಳದ್ದಕ್ಕಿಂತ ಅಪಾಯ. ಟೆಕ್ಸಾಸಿನಲ್ಲಿ ಹತ್ತು ವರ್ಷದ ಪ್ರತಿಕೂಲ ಸ್ವಾಧೀನದ ನಿಯಮ ಇರುವುದು ನಿಜ. ಆದರೆ ಸುಮ್ಮನೆ ಬಳಸಿದರೆ ಸಾಲದು, ‘ಇದು ನನ್ನದು’ ಎಂದು ಮಾಲೀಕನಿಗೆ ಎದುರಾಗಿ, ಎದ್ದು ಕಾಣುವಂತೆ ಹಿಡಿದಿರಬೇಕು. ಮೊದಲೇ ನಿಂತಿದ್ದ, ಯಾರು ಯಾಕೆ ಹಾಕಿದರೆಂದು ಗೊತ್ತಿಲ್ಲದ ಬೇಲಿ ಬರಿಯ ಆಕಸ್ಮಿಕ ಬೇಲಿ, ಅದರಿಂದ ಹಕ್ಕು ಹುಟ್ಟುವುದಿಲ್ಲ ಎಂಬ ತತ್ತ್ವವನ್ನು ಟೆಕ್ಸಾಸ್ ಸುಪ್ರೀಂ ಕೋರ್ಟು 1990ರಲ್ಲಿ ಮತ್ತೆ ಎತ್ತಿಹಿಡಿಯಿತು. 2006ರಲ್ಲಿ ಹ್ಯೂಸ್ಟನ್ನಿನಿಂದ ಹೋದ ಒಂದು ಪ್ರಕರಣ ಇನ್ನೂ ಪಾಠ ಹೇಳುವಂಥದು. ಅಕ್ಕಪಕ್ಕದಲ್ಲಿದ್ದ ನೆಂಟರು ಎಷ್ಟೋ ವರ್ಷ ಒಂದೇ ಡ್ರೈವ್‌ವೇ ಹಂಚಿಕೊಂಡಿದ್ದರು. ಆಮೇಲೆ ಸರ್ವೆ ಬಂತು, ಆ ಪಟ್ಟಿ ಯಾರದೆಂಬ ವ್ಯಾಜ್ಯ ಬಂತು. ಗಡಿ ಎಲ್ಲಿದೆ ಎಂಬ ತಪ್ಪು ತಿಳಿವಳಿಕೆಯಿಂದ ಇಬ್ಬರೂ ಬಳಸಿದ ಜಾಗ ಬಳಸಿದವರದಾಗುವುದಿಲ್ಲ, ಕಸಿದುಕೊಳ್ಳುವ ಉದ್ದೇಶ ಇರಲೇಬೇಕು ಎಂದು ಕೋರ್ಟು ಹೇಳಿತು. ಪ್ರತಿಕೂಲ ಸ್ವಾಧೀನದ ನಿಯಮವೇ ಕಠೋರವಾದದ್ದು ಎಂದೂ ಸೇರಿಸಿತು.

ಗಮನಿಸಿ. ನೀವು ಹತ್ತು ವರ್ಷದ ನಿಯಮದಡಿ ಜಾಗ ಕೇಳುವುದಾದರೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಸಾಬೀತುಪಡಿಸಬೇಕಾದ್ದು ಇದನ್ನೇ: ಈ ಎಲ್ಲ ವರ್ಷಗಳಲ್ಲಿ ನಾನು ಪಕ್ಕದವನ ಜಾಗವನ್ನು ಅವನಿಗೆ ವಿರೋಧವಾಗಿ ನನ್ನದೆಂದು ಹಿಡಿದಿದ್ದೆ. ದೀಪಾವಳಿಗೆ ಅವನ ಮನೆಗೆ ಲಾಡು ಕೊಟ್ಟುಬಂದ ವರ್ಷಗಳನ್ನೂ ಸೇರಿಸಿ. ಹೇಳಬಲ್ಲಿರಾ?

ನಾವು ಗಡಿಯ ಗಾಂಭೀರ್ಯ ಗೊತ್ತಿಲ್ಲದ ನಾಡಿನಿಂದ ಬಂದವರಲ್ಲ. ಕರ್ನಾಟಕದ ಹೊಲಗಳಲ್ಲಿ ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲು ಇಂದಿಗೂ ಸಿಗುತ್ತವೆ. ದಾನ ಕೊಟ್ಟ ನೆಲದ ನಾಲ್ಕೂ ಎಲ್ಲೆಯನ್ನು ಶಾಸನದಲ್ಲಿ ಬರೆಸುತ್ತಿದ್ದರು, ಮೂಡಲಿಗೆ ಹಳ್ಳ, ತೆಂಕಲಿಗೆ ಹುತ್ತ ಎಂಬಂತೆ. ಕೊನೆಯಲ್ಲಿ ಶಾಪ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂದು. ಊರಲ್ಲಿ ಇಂದಿಗೂ ಹದ್ದುಬಸ್ತಿಗೆ ಅರ್ಜಿ ಹಾಕಿದರೆ ಭೂಮಾಪಕ ಬರುವ ಮೊದಲು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗುತ್ತದೆ. ಅವರೆಲ್ಲ ಬದುವಿನ ಮೇಲೆ ನಿಲ್ಲುತ್ತಾರೆ, ನೋಡುತ್ತಾರೆ, ಕೂಗಾಡುತ್ತಾರೆ, ಕಲ್ಲು ಹಾಕಿದ ಮೇಲೆ ಬೀಡಿಯನ್ನೋ ಎಲೆಯಡಿಕೆಯನ್ನೋ ಹಂಚಿಕೊಂಡು ಮನೆಗೆ ಹೋಗುತ್ತಾರೆ. ಎಲ್ಲ ಕಡೆ ಹೀಗಾಗುತ್ತದೆ ಎಂದಲ್ಲ. ಬದು ಒತ್ತಿದ ಜಗಳ ಕೊಲೆಯಲ್ಲಿ ಮುಗಿದದ್ದೂ ಇದೆ, ದಾಯಾದಿಗಳ ಕೇಸು ಮೂರು ತಲೆಮಾರು ನಡೆದದ್ದೂ ಇದೆ. ಇಲ್ಲಿರುವ ನಮ್ಮಲ್ಲಿ ಎಷ್ಟು ಜನರ ಅಪ್ಪನ ಹೊಲ ಇಂದಿಗೂ ತಾಲ್ಲೂಕು ಕೋರ್ಟಿನ ಕಡತದೊಳಗೆ ಮಲಗಿದೆ! ಅದನ್ನು ಕಂಡೂ ಕಂಡೂ ಅದೇ ಕಡತವನ್ನು ಫೋರ್ಟ್ ಬೆಂಡ್ ಕೌಂಟಿಯಲ್ಲಿ ತೆರೆಯುವುದು ಯಾವ ಜಾಣತನ? ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಹೇಳಿದ್ದು ನಮ್ಮ ಹಿರಿಯರೇ ತಾನೆ?

ಆದರೂ ಊರಿನ ಜಗಳದಲ್ಲಿ ಒಂದು ಗುಣವಿತ್ತು, ಅದು ಮುಖಾಮುಖಿ ನಡೆಯುತ್ತಿತ್ತು. ಇಲ್ಲಿ ನಾವು ಕಲಿತದ್ದು ಬೇರೆ ವಿದ್ಯೆ. ಹೆಸರು ಹೇಳದೆ ಎಚ್‌ಒಎಗೆ ದೂರು. ಪಕ್ಕದ ಮನೆಯ ಬೇಲಿಯ ಎರಡು ಹಲಗೆ ಸಡಿಲವಾದರೆ ಫೋನಿನಲ್ಲಿ ಫೋಟೊ ತೆಗೆದು ಕಳಿಸುವುದು, ಸರ್ಟಿಫೈಡ್ ಮೇಲ್ ಅವರ ಬಾಗಿಲಿಗೆ ಬಂದಾಗ ಪರದೆಯ ಸಂದಿಯಿಂದ ನೋಡುವುದು. ಆ ಮನೆಯಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತೇ? ಗಂಡ ಸತ್ತ ಮೇಲೆ ಸೋಷಿಯಲ್ ಸೆಕ್ಯೂರಿಟಿಯ ಚೆಕ್ಕಿನಲ್ಲಿ ತಿಂಗಳು ದೂಡುವ ಮುದುಕಿ ಇರಬಹುದು. ಕೆಲಸ ಹೋಗಿ, ಎಚ್-1ಬಿ ವೀಸಾದ ಅರವತ್ತು ದಿನದ ಗಡುವನ್ನು ಎಣಿಸುತ್ತಿರುವ ಹುಡುಗ ಇರಬಹುದು, ನಮ್ಮವನೇ. ಅವರಿಗೆ ಬೇಲಿಯ ಕೆಲವು ಸಾವಿರ ಡಾಲರು ಎಂದರೆ ಏನು ಎಂಬುದನ್ನು ಎಚ್‌ಒಎ ಕೇಳುವುದಿಲ್ಲ. ನೀವು ಕೇಳಬಹುದು. ಒಂದು ಸುತ್ತಿಗೆ, ಹತ್ತು ಮೊಳೆ, ಒಂದು ಶನಿವಾರ. ಹೆಸರಿಲ್ಲದ ದೂರನ್ನು ನಾನು ಹೇಡಿತನವೆಂದೇ ಕರೆಯುತ್ತೇನೆ, ಅದಕ್ಕಿಂತ ಮೆತ್ತನೆಯ ಮಾತು ನನ್ನಲ್ಲಿಲ್ಲ.

ಎಚ್‌ಒಎ ಕೈಯಲ್ಲಿ ಹಿಡಿದಿರುವ ಆ ಡೀಡ್ ರಿಸ್ಟ್ರಿಕ್ಷನ್‌ಗಳ ಇತಿಹಾಸವನ್ನಾದರೂ ನಾವು ಮರೆಯಬಾರದಿತ್ತು. ಜೋನಿಂಗ್ ಕಾನೂನಿಲ್ಲದ ಹ್ಯೂಸ್ಟನ್ನಿನಲ್ಲಿ ಬಡಾವಣೆಗಳ ಮೈಕಟ್ಟನ್ನು ಕಾಯುತ್ತ ಬಂದದ್ದು ಇಂಥ ಕರಾರುಗಳೇ. ಒಂದು ಕಾಲದಲ್ಲಿ ಅಮೆರಿಕದ ಉದ್ದಗಲಕ್ಕೂ ಇವುಗಳಲ್ಲಿ ಬೇಲಿಯ ಎತ್ತರದ ಜೊತೆಗೇ ಇನ್ನೊಂದು ಷರತ್ತೂ ಇರುತ್ತಿತ್ತು, ಬಿಳಿಯರಲ್ಲದವರಿಗೆ ಮನೆ ಮಾರಬಾರದು ಎಂದು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಂಥ ಕರಾರನ್ನು ಕೋರ್ಟುಗಳು ಜಾರಿಮಾಡುವಂತಿಲ್ಲ ಎಂದಿತು. 1968ರ ಫೇರ್ ಹೌಸಿಂಗ್ ಕಾಯಿದೆ ಆ ತಾರತಮ್ಯವನ್ನೇ ನಿಷೇಧಿಸಿತು. ಹಳೆಯ ಪತ್ರಗಳಲ್ಲಿ ಉಳಿದಿದ್ದ ಆ ಸಾಲುಗಳನ್ನು ತೆಗೆಸಿಹಾಕಲು ಟೆಕ್ಸಾಸ್ ಸುಲಭದ ದಾರಿ ಮಾಡಿಕೊಟ್ಟದ್ದು 2021ರಲ್ಲಿ. ಅದಕ್ಕೂ ಹಿಂದೆ, 1923ರಲ್ಲಿ, ಭಾರತೀಯರು ಪೌರತ್ವದ ಕಾನೂನು ಹೇಳುವ ಬಿಳಿಯರಲ್ಲ ಎಂದು ತೀರ್ಪು ಕೊಟ್ಟಿದ್ದೂ ಅದೇ ಸುಪ್ರೀಂ ಕೋರ್ಟು. ಬೇಲಿಯ ಹೊರಗೆ ನಿಲ್ಲಿಸಿದ್ದು ನಮ್ಮನ್ನು. ಒಳಗೆ ಬಿಟ್ಟ ಮೇಲೆ ನಾವು ಬೇಲಿ ಕಾಯುವ ಜಮಾದಾರರಾದೆವು!

ನಮ್ಮ ಕಾಲಡಿಯ ನೆಲದ ಕಥೆ ಇನ್ನೂ ಹಿಂದಿನದು. 1830ರ ಸುಮಾರಿಗೆ ಇಲ್ಲಿ ಕಬ್ಬಿನ ಗಾಣ, ಹತ್ತಿಯ ಜಿನ್ನು ಕಟ್ಟಿದ ವಿಲಿಯಂ ಸ್ಟಾಫರ್ಡ್ ಎಂಬ ಜಮೀನ್ದಾರನಿಂದ ಊರಿಗೆ ಹೆಸರು ಬಂತು. 1836ರಲ್ಲಿ ಮೆಕ್ಸಿಕೋದ ಸೇನೆ ಅವನ ತೋಟವನ್ನು ಸುಟ್ಟುಹಾಕಿತು. ಆ ಕಾಲದ ಕಬ್ಬಿನ ಗದ್ದೆಗಳಲ್ಲಿ ದುಡಿದ ಗುಲಾಮರಿಗೆ ಒಂದು ಅಡಿ ನೆಲವೂ ಸ್ವಂತದ್ದಾಗಿರಲಿಲ್ಲ. ಗುಲಾಮಗಿರಿ ಮುಗಿದ ಮೇಲೆ ಕೈದಿಗಳನ್ನು ಗುತ್ತಿಗೆಗೆ ಕೊಡುವ ಪದ್ಧತಿ ಬಂತು. 2018ರಲ್ಲಿ ಪಕ್ಕದ ಶುಗರ್ ಲ್ಯಾಂಡ್‌ನಲ್ಲಿ ಶಾಲೆಗೆಂದು ಅಗೆಯುವಾಗ ಅಂಥ ತೊಂಬತ್ತೈದು ಜನರ ಅವಶೇಷ ಸಿಕ್ಕಿದ್ದು ನಿಮಗೆ ನೆನಪಿರಬಹುದು, ನಮ್ಮ ಮಕ್ಕಳು ಓದುವ ಫೋರ್ಟ್ ಬೆಂಡ್ ಶಾಲಾ ಜಿಲ್ಲೆಯ ಜಾಗದಲ್ಲೇ. ಗುರುತು ಕಲ್ಲಿಲ್ಲದೆ ಅವರು ನೂರು ವರ್ಷಕ್ಕೂ ಮೀರಿ ಅಲ್ಲಿ ಮಲಗಿದ್ದರು. ಇಂಥ ನೆಲದ ಮೇಲೆ ನಿಂತು ನಾವು ಟೇಪು ಹಿಡಿದು ಆರು ಇಂಚಿಗೆ ಗಂಟಲು ಹರಿದುಕೊಳ್ಳುತ್ತಿದ್ದೇವೆ.

ಬೇಲಿಯ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಟೆಕ್ಸಾಸ್ ಒಮ್ಮೆ ಚೆನ್ನಾಗಿಯೇ ನೋಡಿದೆ. 1874ರಲ್ಲಿ ಗ್ಲಿಡನ್ ಎಂಬವನು ಮುಳ್ಳುತಂತಿಗೆ ಪೇಟೆಂಟ್ ಪಡೆದ. ಹತ್ತು ವರ್ಷವೂ ಆಗಿರಲಿಲ್ಲ, ದೊಡ್ಡ ದನದ ಮಾಲೀಕರು ತಮ್ಮ ಜಮೀನಿನ ಜೊತೆಗೆ ಸರ್ಕಾರಿ ಹುಲ್ಲುಗಾವಲು, ನೀರಿನ ಹೊಂಡ, ದಾರಿ ಎಲ್ಲವನ್ನೂ ಬೇಲಿಯೊಳಗೆ ಹಾಕಿಕೊಂಡರು. 1883ರ ಬರದಲ್ಲಿ ಸಣ್ಣವರು ರಾತ್ರಿ ಗುಂಪು ಕಟ್ಟಿಕೊಂಡು ತಂತಿ ಕತ್ತರಿಸಿದರು. ಹೆಣಗಳು ಬಿದ್ದವು. ಗವರ್ನರ್ ಜಾನ್ ಐರ್ಲೆಂಡ್ 1884ರ ಜನವರಿಯಲ್ಲಿ ವಿಶೇಷ ಅಧಿವೇಶನ ಕರೆದ. ತಂತಿ ಕತ್ತರಿಸಿದರೆ ಒಂದರಿಂದ ಐದು ವರ್ಷ ಜೈಲು ಎಂದಾಯಿತು. ಪರರ ನೆಲಕ್ಕೆ, ಸರ್ಕಾರಿ ನೆಲಕ್ಕೆ ಬೇಲಿ ಹಾಕಿದ್ದರೆ ಆರು ತಿಂಗಳಲ್ಲಿ ಕೀಳಬೇಕು, ದಾರಿಗೆ ಅಡ್ಡ ಹಾಕಿದವರು ಮೂರು ಮೈಲಿಗೊಂದು ಗೇಟು ಇಡಬೇಕು ಎಂದೂ ಆಯಿತು. ನನಗೆ ಇಷ್ಟವಾದದ್ದು ಆ ಗೇಟು. ಮಲೆನಾಡಿನ ತೋಟಗಳ ಬೇಲಿಯಲ್ಲಿ ದಣಪೆ ಇರುತ್ತದಲ್ಲ, ಉಣುಗೋಲು ಸರಿಸಿದರೆ ಮನುಷ್ಯ ದಾಟಬಹುದು, ದನ ದಾಟಲಾರದು. ನಮ್ಮ ಹಿರಿಯರು ದಾರಿ ಬಿಡದೆ ಬೇಲಿ ಕಟ್ಟುತ್ತಿರಲಿಲ್ಲ.

ಓದಿದವರು ಹಾಗೆಲ್ಲ ಮಾಡುವುದಿಲ್ಲ ಎನ್ನಬೇಡಿ. 2017ರ ನವೆಂಬರಿನಲ್ಲಿ ಕೆಂಟಕಿಯ ಸೆನೆಟರ್ ರ‍್ಯಾಂಡ್ ಪಾಲ್ ತನ್ನ ಅಂಗಳದಲ್ಲಿ ಕೆಲಸ ಮಾಡುತ್ತಿದ್ದಾಗ ಪಕ್ಕದ ಮನೆಯವನು ಓಡಿಬಂದು ಕೆಡವಿದ, ಪಕ್ಕೆಲುಬುಗಳು ಮುರಿದವು. ರಾಜಕೀಯವೇನೂ ಇರಲಿಲ್ಲ. ಗಡಿಯ ಬಳಿ ಗುಡ್ಡೆ ಹಾಕಿದ ಕಸಕಡ್ಡಿಗೆ ನಡೆದದ್ದು. ಸೆನೆಟರ್ ಕಣ್ಣಿನ ಡಾಕ್ಟರು, ಹೊಡೆದವನೂ ಡಾಕ್ಟರೇ. ಹೊಡೆದವನು ಜೈಲಿಗೆ ಹೋದ, ಐದು ಲಕ್ಷ ಡಾಲರಿಗೂ ಮೀರಿದ ಪರಿಹಾರ ಕೊಡುವಂತೆ ಜ್ಯೂರಿ ಹೇಳಿತು. ಇನ್ನು ನಮ್ಮ ಟೆಕ್ಸಾಸಿನಲ್ಲಿ ಸಿಟ್ಟಿನ ಕೈಗೆ ಬಂದೂಕು ಎಟುಕುವುದು ಎಷ್ಟು ಸುಲಭ ಎಂದು ಹೇಳಬೇಕಾಗಿಲ್ಲ. 2023ರ ಏಪ್ರಿಲ್ 28ರ ರಾತ್ರಿ ಹ್ಯೂಸ್ಟನ್ನಿನ ಉತ್ತರಕ್ಕಿರುವ ಕ್ಲೀವ್‌ಲ್ಯಾಂಡ್ ಬಳಿ, ಮಗು ಮಲಗಿದೆ, ಅಂಗಳದಲ್ಲಿ ಗುಂಡು ಹಾರಿಸಬೇಡಿ ಎಂದು ಕೇಳಿಕೊಂಡ ಮನೆಯ ಐವರು ಪಕ್ಕದ ಮನೆಯವನ ಗುಂಡಿಗೆ ಸತ್ತರು, ಅವರಲ್ಲೊಬ್ಬ ಪುಟ್ಟ ಹುಡುಗ. ಅದು ಗಡಿ ಜಗಳವಲ್ಲ, ಗೊತ್ತು. ಬೇಲಿಯಾಚೆಗಿನವರು ಯಾರೆಂದೇ ತಿಳಿಯದೆ ಬದುಕುವುದರ ಬೆಲೆ ಇಲ್ಲಿ ಬಲು ದುಬಾರಿ ಎಂಬುದಕ್ಕಾಗಿ ಹೇಳಿದೆ.

ಬಿಟ್ಟುಕೊಡಲಾಗದ್ದೂ ಒಂದಿದೆ, ಅದು ನೀರು. ನಿಮ್ಮ ಅಂಗಳ ಎತ್ತರಿಸಿ, ಬೇಲಿಯ ಬುಡಕ್ಕೆ ಕಾಂಕ್ರೀಟು ಸುರಿದು, ಮಳೆನೀರನ್ನು ಪಕ್ಕದ ಮನೆಯ ಹೊಸಿಲಿಗೆ ತಿರುಗಿಸಿದರೆ ಅದು ಆರು ಇಂಚಿನ ಜಗಳವಲ್ಲ. ಸಹಜವಾಗಿ ಹರಿಯುವ ನೀರನ್ನು ತಡೆದೋ ತಿರುಗಿಸಿಯೋ ಇನ್ನೊಬ್ಬರ ಆಸ್ತಿಗೆ ಹಾನಿ ಮಾಡಬಾರದೆಂದು ಟೆಕ್ಸಾಸ್ ಜಲ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಹಾರ್ವಿ ಚಂಡಮಾರುತದ ಪ್ರವಾಹ ಕಂಡವರಿಗೆ, 2017ರ ಆಗಸ್ಟಿನಲ್ಲಿ ಸೋಫಾಗಳನ್ನು ಬೀದಿಗೆ ಎಳೆದುಹಾಕಿದವರಿಗೆ, ಇದನ್ನು ವಿವರಿಸಬೇಕಿಲ್ಲ. ಹೊಸ ಬೇಲಿ ಕಟ್ಟಿಸುವಾಗ ಕೆಳಗೆ ನೀರಿಗೆ ಸಂದಿ ಬಿಡಿ. ಪಕ್ಕದವರು ನಿಮ್ಮ ಕಡೆಗೆ ನೀರು ತಿರುಗಿಸಿದ್ದರೆ ಧೈರ್ಯವಾಗಿ ಕೇಳಿ. ನಾನು ಬಿಟ್ಟುಕೊಡಿ ಎನ್ನುತ್ತಿರುವುದು ಹಠವನ್ನು.

ನಮ್ಮವರು ನಮ್ಮವರ ಜೊತೆಗೇ ಆಡುವ ಬೇಲಿ ಜಗಳವಂತೂ ನನಗೆ ಎಲ್ಲಕ್ಕಿಂತ ನೋವಿನದು. ಕನ್ನಡದವರ ಪಕ್ಕವೇ ಇರಬೇಕೆಂದು ಹುಡುಕಿ ಹುಡುಕಿ ಮನೆ ತೆಗೆದುಕೊಳ್ಳುತ್ತೇವೆ. ಆಮೇಲೆ ಆ ಮನೆಯ ನುಗ್ಗೆಗಿಡ ನಮ್ಮ ಬೇಲಿಗೆ ವಾಲಿತು ಎಂದು, ಕರಿಬೇವಿನ ಕುಂಡ ಗಡಿ ದಾಟಿತು ಎಂದು ಮಾತು ಬಿಡುತ್ತೇವೆ. ನಮ್ಮ ಸಂಘವಾದ ಕನ್ನಡ ವೃಂದದ ಯುಗಾದಿಗೆ ಇಬ್ಬರೂ ಬರುತ್ತಾರೆ, ಊಟದ ಸಾಲಿನಲ್ಲಿ ಒಬ್ಬರು ಮುಂದೆ ನಿಂತರೆ ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಮಕ್ಕಳಿಗೆ ಮಾತ್ರ ‘ಆಂಟಿಗೆ ನಮಸ್ಕಾರ ಹೇಳು’ ಎಂದು ಕಲಿಸುತ್ತೇವೆ. ಆ ಮಕ್ಕಳು ಬೇಲಿಯ ಸಂದಿಯಿಂದ ಚೆಂಡು ಎಸೆದು ಆಡುತ್ತಿದ್ದವರು, ಈಗ ಯಾಕೆ ಆಡಬಾರದು ಎಂದು ಕೇಳುತ್ತಾರೆ. ಏನು ಹೇಳುತ್ತೀರಿ? ಸರ್ವೆ ನಕ್ಷೆ ತೋರಿಸುತ್ತೀರಾ?

ಸ್ಟಾಫರ್ಡಿನ, ಸುತ್ತಲಿನ ಕನ್ನಡಿಗರೇ, ಡಲ್ಲಾಸ್ ಆಸ್ಟಿನ್‌ಗಳಲ್ಲಿ ಇದನ್ನು ಓದುತ್ತಿರುವವರೇ, ಮಾಡಬೇಕಾದ್ದು ಕಷ್ಟದ್ದೇನಲ್ಲ. ಮನೆ ಕೊಂಡಾಗ ಕೊಟ್ಟ ಸರ್ವೆ ಕಾಗದ ಕಪಾಟಿನಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆಯಿರಿ. ಲಾಟಿನ ಮೂಲೆಗಳಲ್ಲಿ ಸರ್ವೆಯವರು ಹೂತಿರುವ ಕಬ್ಬಿಣದ ಸರಳನ್ನು ಒಬ್ಬರೇ ಹೋಗಿ ಹುಡುಕಬೇಡಿ, ಪಕ್ಕದವರನ್ನು ಕರೆದುಕೊಂಡು ಹುಡುಕಿ. ಬೇಲಿ ಅವರ ಕಡೆ ಸರಿದಿದ್ದರೆ ನೀವೇ ಮೊದಲು ಹೇಳಿ. ನಿಮ್ಮ ಕಡೆ ಬಂದಿದ್ದರೆ, ಮುಂದಿನ ಸಲ ಕಟ್ಟುವಾಗ ಸರಿಮಾಡೋಣ ಎಂದು ಇಬ್ಬರೂ ಒಂದು ಪುಟ ಬರೆದುಕೊಳ್ಳಿ. ಆ ಬೇಲಿ ಒಪ್ಪಿಗೆಯ ಮೇಲೆ ನಿಂತಿದೆ ಎಂಬ ಆ ಕಾಗದವಿದ್ದರೆ ಯಾರೂ ಹತ್ತು ವರ್ಷದ ಮಾತೆತ್ತಲಾರರು. ವಕೀಲರಿಗೆ ಒಮ್ಮೆ ತೋರಿಸಿ, ರಿಚ್ಮಂಡಿನ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ದಾಖಲಿಸಿಬಿಡಿ. ನಾಳೆ ಮನೆ ಮಾರುವಾಗ ಸರ್ವೆಯ ಬಗೆಗಿನ ಟಿ-47 ಅಫಿಡವಿಟ್ಟಿಗೆ ಸಹಿ ಹಾಕುವ ಕೈ ನಡುಗುವುದಿಲ್ಲ. ಖರ್ಚು ಅರ್ಧರ್ಧ ಎಂದು ಮೊದಲು ನೀವೇ ಹೇಳಿ, ಅವರ ಬಳಿ ಇಲ್ಲವಾದರೆ ಮುಕ್ಕಾಲು ನಿಮ್ಮದಿರಲಿ. ಒಳ್ಳೆಯ ಮುಖ ಅವರ ಕಡೆಗಿರಲಿ.

ಈಗಾಗಲೇ ಲಾಯರ್ ನೋಟಿಸು ಕೊಟ್ಟವರಿಗೂ ಹೊತ್ತು ಮೀರಿಲ್ಲ. ಟೆಕ್ಸಾಸ್ 1987ರಿಂದಲೇ ಕೋರ್ಟಿನ ಹೊರಗಿನ ರಾಜಿಗೆ ಕಾನೂನಿನ ಬೆಂಬಲ ಕೊಟ್ಟಿದೆ. ಹ್ಯಾರಿಸ್ ಕೌಂಟಿಯಲ್ಲೂ ಫೋರ್ಟ್ ಬೆಂಡ್ ಕೌಂಟಿಯಲ್ಲೂ ವ್ಯಾಜ್ಯ ಪರಿಹಾರ ಕೇಂದ್ರಗಳಿವೆ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತದೆ. ಅದಕ್ಕೂ ಮೊದಲು ನಮ್ಮ ಮನೆಯೊಳಗೇ ಒಂದು ದಾರಿ ಆಗಲಿ. ಕನ್ನಡ ವೃಂದದ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು: ಬರುವ ರಾಜ್ಯೋತ್ಸವದಲ್ಲಿ, ಪುಸ್ತಕದ ಮೇಜು, ಚಕ್ಕುಲಿ ಕೋಡುಬಳೆಯ ಮೇಜುಗಳ ಪಕ್ಕ ಇನ್ನೊಂದು ಮೇಜು ಹಾಕಿಸಿ. ನಮ್ಮಲ್ಲೇ ಇರುವ ವಕೀಲರೊಬ್ಬರು, ಸಿವಿಲ್ ಎಂಜಿನಿಯರರೊಬ್ಬರು ಎರಡು ಗಂಟೆ ಅಲ್ಲಿ ಕೂರಲಿ. ಫೀಸು ಬೇಡ, ಹೆಸರು ಬರೆದುಕೊಳ್ಳುವುದೂ ಬೇಡ. ಮಾತು ಬಿಟ್ಟ ಎರಡು ಮನೆಯವರು ಬಂದು ಎದುರುಬದುರು ಕೂತರೆ, ಮೊದಲು ಅವರಿಬ್ಬರಿಗೂ ಕಾಫಿ ಕೊಡಿ.